ಕೆಪಾಸಿಟರ್ ಅಕ್ಕನ ಕಿವಿ

ಎಸಿ ಕೆಟ್ಟಿದೆ ಎಂದು ಕರೆದವರ ಮನೆಗೆ ಹೋದರೆ ಕೆಪಾಸಿಟರ್ ಅಕ್ಕ ಮೊದಲು ಚೀಲ ಬಿಚ್ಚುತ್ತಿರಲಿಲ್ಲ. ಬಾಲ್ಕನಿಯಲ್ಲೋ ತಾರಸಿಯ ಮೂಲೆಯಲ್ಲೋ ಕೂತಿರುವ ಆ ತಗಡಿನ ಪೆಟ್ಟಿಗೆಯ ಮುಂದೆ ಹೋಗಿ ನಿಂತು, ಒಳಗಿದ್ದವರಿಗೆ "ಹೂಂ, ಈಗ ಹಾಕಿ" ಎಂದು ಕೂಗಿ, ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ಕಣ್ಣು ಮುಚ್ಚುತ್ತಿದ್ದಳು. ಗೊತ್ತಿಲ್ಲದವರು ಪ್ರಾರ್ಥನೆ ಮಾಡುತ್ತಿದ್ದಾಳೆ ಅಂದುಕೊಳ್ಳಬೇಕು. ಅರ್ಧ ನಿಮಿಷಕ್ಕೆ ಕಣ್ಣು ಬಿಟ್ಟು, "ಕೆಪಾಸಿಟರ್ ಹೋಗಿದೆ. ಹತ್ತು ನಿಮಿಷದ ಕೆಲಸ" ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಹತ್ತಕ್ಕೆ ಏಳು ಸಲ ಇದೇ ಮಾತು. ಹಾಗಾಗಿ ಅವಳ ಸ್ವಂತ ಹೆಸರು ಗಂಡನ ಬಾಯಲ್ಲೂ ಗುರುತಿನ ಚೀಟಿಯಲ್ಲೂ ಮಾತ್ರ ಉಳಿದು, ಮಿಕ್ಕೆಲ್ಲರಿಗೆ ಅವಳು ಕೆಪಾಸಿಟರ್ ಅಕ್ಕನೇ ಆಗಿಹೋಗಿದ್ದಳು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅಕ್ಕ ಎನ್ನುತ್ತಿದ್ದರು.

ಕೆಪಾಸಿಟರ್ ನೋಡಲು ಬಲು ಸಾಧು. ಅಂಗೈ ಮೇಲೆ ನಿಲ್ಲುವ ಬೆಳ್ಳಿ ಬಣ್ಣದ ಡಬ್ಬಿ, ನೆತ್ತಿಯಲ್ಲಿ ತಂತಿ ಸಿಕ್ಕಿಸಲು ಒಂದಿಷ್ಟು ತಗಡಿನ ಕಡ್ಡಿ. ತಿರುಗುವುದಿಲ್ಲ, ಮಿನುಗುವುದಿಲ್ಲ. ಆದರೆ ಯಂತ್ರದ ಹೊಟ್ಟೆಯಲ್ಲಿರುವ ಕಂಪ್ರೆಸರ್ ಎಂಬ ಭಾರೀ ಮೋಟರು ತಾನಾಗಿ ಏಳಲಾರದು. ಕರೆಂಟು ಬಂದರೂ ಯಾವ ಕಡೆ ತಿರುಗಬೇಕೆಂದು ತಿಳಿಯದೆ ನಿಂತಲ್ಲೇ ನಡುಗುತ್ತದೆ. ಜೋಕಾಲಿಯಲ್ಲಿ ಕೂತ ಮಗುವಿಗೆ ಹಿಂದಿನಿಂದ ತಳ್ಳುವ ಒಂದು ಕೈ ಬೇಕಲ್ಲ, ಸರಿಯಾದ ಗಳಿಗೆ ನೋಡಿ ತಳ್ಳುವ ಕೈ, ಮೋಟರಿಗೆ ಈ ಡಬ್ಬಿಯೇ ಆ ಕೈ. ಬಿಸಿಲಿಗೆ, ವಯಸ್ಸಿಗೆ ಅದು ಸೋತಾಗ ಮೋಟರು ಏಳಲಾರದೆ 'ಗುಂಯ್' ಎನ್ನುತ್ತದೆ. ಹತ್ತು ಸೆಕೆಂಡು ಹಾಗೆ ಒದ್ದಾಡುವಷ್ಟರಲ್ಲಿ, ಸುಟ್ಟುಹೋಗದಿರಲೆಂದು ಅದರ ತಲೆಗೆ ಕೂರಿಸಿದ ಕಾವಲು ಸ್ವಿಚ್ಚು ಕರೆಂಟು ಕಡಿದುಬಿಡುತ್ತದೆ. ಐದು ನಿಮಿಷ ತಣಿದ ಮೇಲೆ ಪಾಪ, ಮತ್ತೆ ಏಳಲು ನೋಡುತ್ತದೆ. ಮತ್ತೆ ಗುಂಯ್.

ಆ ಸದ್ದಿನ ಪರಿಚಯ ಅವಳಿಗೆ ಮಾಡಿಕೊಟ್ಟವನು ಅಪ್ಪ. ಅಪ್ಪನದು ಸುಟ್ಟ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಸ್ಕೂಲು ಬಿಟ್ಟು ನೇರ ಅಲ್ಲಿಗೆ ಬಂದವಳ ಕಣ್ಣಿಗೆ ಟವೆಲು ಕಟ್ಟಿ, ಒಂದೊಂದೇ ಮೋಟರಿಗೆ ಕರೆಂಟು ಕೊಟ್ಟು, "ಏನು ಹೇಳ್ತಿದೆ ಹೇಳು" ಎನ್ನುತ್ತಿದ್ದ.

"ಅಳ್ತಿದೆ ಅಪ್ಪಾ."

"ಅಳೋದು ಎಲ್ರೂ ಅಳ್ತಾರೆ. ಯಾಕೆ ಅಳ್ತಿದೆ ಅಂತ ಹೇಳು."

ಅಪ್ಪನ ಒಂದು ಕಟ್ಟಳೆ ಅವಳ ನಾಲಿಗೆ ತುದಿಯಲ್ಲೇ ಇತ್ತು: "ಗುಂಯ್ ಅಂದ್ರೆ ಕೆಪಾಸಿಟರ್ ನೋಡು. ಸುಮ್ಮನಿದ್ರೆ ಕರೆಂಟು ಬರೋ ದಾರಿ ನೋಡು. ಎರಡನ್ನೂ ಒಟ್ಟಿಗೆ ನೋಡೋನು ಮೆಕ್ಯಾನಿಕ್ ಅಲ್ಲ, ಕಾಪಿ ಹೊಡೆದು ಪಾಸಾಗೋನು." ಮೂವತ್ತೈದು ವರ್ಷ ಅವಳು ಕಾಪಿ ಹೊಡೆಯಲಿಲ್ಲ. ಯಂತ್ರ ಗುಂಯ್ ಎಂದರೆ ಮಾತ್ರ ಡಬ್ಬಿಗೆ ಕೈ ಹಾಕುವಳು. ಮೇನ್ ಸ್ವಿಚ್ ತೆಗೆದು, ಡಬ್ಬಿಯೊಳಗೆ ಉಳಿದ ಕರೆಂಟನ್ನು ಒಂದು ಸಣ್ಣ ಬಲ್ಬಿಗೆ ಇಳಿಸುವಳು. ಬಲ್ಬು ಒಮ್ಮೆ ಕಣ್ಣು ಮಿಟುಕಿಸಿ ಆರುತ್ತದೆ. ಸ್ವಿಚ್ ತೆಗೆದ ಮೇಲೂ ಇಷ್ಟು ಬೆಳಕು ಎಲ್ಲಿ ಅವಿತಿತ್ತು ಎಂದು ಪ್ರತಿ ಸಲವೂ ಅವಳಿಗೆ ಸೋಜಿಗ. ಆಮೇಲೆ ಮೀಟರು ಹಿಡಿದು ಅಳೆದು, ಹೊಸದು ಹಾಕಿ, ಅದರ ಮೈಮೇಲೆ ಮಾರ್ಕರಿನಲ್ಲಿ ತಾರೀಖು ಬರೆದು, ಚೀಲ ಹೆಗಲಿಗೇರಿಸುವಳು.

ಐವತ್ತೊಂದನೆಯ ವಯಸ್ಸಿನ ಬೇಸಿಗೆಯಲ್ಲಿ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ, ಈ ಕಟ್ಟಳೆ ಕೈಕೊಟ್ಟಿತು.

ಲ್ಯಾಬು ಒಂದು ಕಟ್ಟಡದ ಮೊದಲ ಮಹಡಿಯಲ್ಲಿತ್ತು. ಅಲ್ಲಿನ ಎಂಟು ಎಸಿಗಳನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು ಅವಳೇ. ಬೆಳಿಗ್ಗೆ ಎಂಟಕ್ಕೇ ಲ್ಯಾಬಿನ ಮೇಡಂ ಫೋನು ಮಾಡಿದ್ದರು. ಪರೀಕ್ಷೆ ಮಾಡುವ ಯಂತ್ರಗಳಿರುವ ಕೋಣೆಯ ಎಸಿ ನಿಂತಿದೆ, ಕೋಣೆ ಬಿಸಿಯಾದರೆ ಯಂತ್ರಗಳು ಕೆಲಸ ಮಾಡುವುದಿಲ್ಲ, ಹೊರಗೆ ಬೆಂಚಿನ ತುಂಬ ಖಾಲಿ ಹೊಟ್ಟೆಯ ಜನ. ಮೇಡಂ ಮಾತು ಕಡಿಮೆಯ ಹೆಂಗಸು. "ಬೇಗ" ಎಂದು ಎರಡು ಸಲ ಅಂದರೆಂದರೆ ಪರಿಸ್ಥಿತಿ ಕೆಟ್ಟಿದೆಯೆಂದೇ ಅರ್ಥ.

ಅಕ್ಕ ಹಿಂಬಾಗಿಲು ತೆರೆದು ಪೆಟ್ಟಿಗೆಯ ಮುಂದೆ ನಿಂತಳು. ಫ್ಯಾನು ತಿರುಗುತ್ತಿತ್ತು, ಅದರ ಗಾಳಿಯ ಸದ್ದು ಕೇಳಿಸಿತು. ಅದರ ಕೆಳಗೆ ಇನ್ನೇನಾದರೂ ಇದೆಯೇ ಎಂದು ಕಿವಿಗೊಟ್ಟಳು. ಏನೂ ಇಲ್ಲ. ಕಂಪ್ರೆಸರ್ ಪೂರಾ ಮೌನ. ಸರಿ, ಕೆಪಾಸಿಟರ್ ಅಲ್ಲ, ಕರೆಂಟು ಒಳಕ್ಕೆ ಹೋಗುತ್ತಿಲ್ಲ ಎಂದುಕೊಂಡಳು. ಕಂಪ್ರೆಸರಿನ ತಂತಿಗೆ ಮೀಟರಿನ ಕೊಂಡಿ ಹಾಕಿ ನೋಡಿದಳು. ಸೊನ್ನೆ. ಎರಡು ನಿಮಿಷ ಬಿಟ್ಟು ನೋಡಿದಳು. ಸೊನ್ನೆ. ಹಾಗಾದರೆ ಕಾವಲು ಸ್ವಿಚ್ಚು ಕೆಟ್ಟಿದೆ. ಕಂಪ್ರೆಸರಿನ ತಲೆ ಮುಟ್ಟಲಾರದಷ್ಟು ಸುಡುತ್ತಿತ್ತು. ಒದ್ದೆ ಬಟ್ಟೆ ಹೊದಿಸಿ, ತಣಿಯಲು ಬಿಟ್ಟು, ಸ್ವಿಚ್ಚು ಬದಲಾಯಿಸಿದಳು. ಆದರೂ ಮೌನ. ತಂತಿಯನ್ನು ಇಲಿ ಕಡಿದಿದೆಯೋ ಎಂದು ಗೇಣು ಗೇಣಾಗಿ ತಡವಿದಳು. ಬೋರ್ಡು ಬಿಚ್ಚಿದಳು, ಹಾಕಿದಳು. ಗಂಟೆ ಹನ್ನೊಂದಾಯಿತು. ಒಳಗೆ ಮೇಡಂ ಜನರಿಗೆ "ನಾಳೆ ಬನ್ನಿ, ನಾಳೆನೂ ಖಾಲಿ ಹೊಟ್ಟೇಲೇ ಬನ್ನಿ" ಎಂದು ಹೇಳುವುದು ಕೇಳಿಸುತ್ತಿತ್ತು. ಅವರು ಗೊಣಗುವುದೂ ಕೇಳಿಸುತ್ತಿತ್ತು.

ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ ಒಬ್ಬ ತಾತ ಮಾತ್ರ ಎದ್ದು ಹೋಗಿರಲಿಲ್ಲ. ಕೋಲನ್ನು ಮೊಣಕಾಲ ನಡುವೆ ಇಟ್ಟುಕೊಂಡು ಅವಳ ಕೆಲಸವನ್ನೇ ನೋಡುತ್ತಿದ್ದ.

"ಏನಮ್ಮಾ, ಅದು ಸಾಯ್ತಿದೆಯೋ ಬದುಕ್ತಿದೆಯೋ?"

"ಉಸಿರೇ ಇಲ್ಲ ತಾತ. ಸದ್ದೇ ಇಲ್ವಲ್ಲ."

"ಸದ್ದಿಲ್ವಾ?" ತಾತ ಸುತ್ತಮುತ್ತ ನೋಡಿದ, ತಮಾಷೆ ಮಾಡುತ್ತಿದ್ದಾಳೋ ಎಂಬಂತೆ. "ಬೆಳಿಗ್ಗೆಯಿಂದ ಐದೈದು ನಿಮಿಷಕ್ಕೆ ಗುಂಯ್ ಗುಂಯ್ ಅಂತ ಬಡ್ಕೊಳ್ತಿದೆ. ಎಂಬತ್ತೆರಡು ವರ್ಷದ ಕಿವಿ ನಂದು, ನನಗೇ ತಲೆ ಕೆಡ್ತಿದೆ. ಹಾಂ, ನೋಡು, ಈಗಲೂ ಅಂತು!"

ಅವಳು ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದಳು. ತಿರುಗಿ ಮೀಟರು ನೋಡಿದಳು. ಮುಳ್ಳಿನಂತೆ ಮೇಲಕ್ಕೆ ಚಿಮ್ಮಿದ ಅಂಕಿ, ಹತ್ತು ಎಣಿಸುವಷ್ಟರಲ್ಲಿ ಮತ್ತೆ ಸೊನ್ನೆಗೆ ಬಿತ್ತು.

ಮೋಟರು ಏಳಲು ಹೆಣಗುವ ಆ ಹತ್ತು ಸೆಕೆಂಡು ಯಾವಾಗ ಬರುತ್ತದೆಂದು ಇಷ್ಟು ವರ್ಷ ಅವಳಿಗೆ ಹೇಳುತ್ತಿದ್ದುದು ಕಿವಿ. ಕಿವಿ ಹೇಳಿದಾಗ ಕಣ್ಣು ಮೀಟರಿಗೆ ಹೋಗುತ್ತಿತ್ತು. ಕಿವಿ ಸುಮ್ಮನಿದ್ದುದರಿಂದ ಅವಳು ನೋಡಿದ್ದೆಲ್ಲ ನಡುವಿನ ಸೊನ್ನೆಗಳನ್ನೇ. ಇನ್ನು ಹುಡುಕುವುದೇನೂ ಇರಲಿಲ್ಲ. ಸ್ವಿಚ್ ತೆಗೆದು, ಡಬ್ಬಿ ಬಿಚ್ಚಿ ಅಳೆದಳು. ಐವತ್ತು ಮೈಕ್ರೋಫ್ಯಾರಡ್ ತೋರಿಸಬೇಕಾದದ್ದು ಹನ್ನೊಂದು ತೋರಿಸಿತು. ಉಬ್ಬಿಲ್ಲ, ಸೋರಿಲ್ಲ, ಹೊರಗೆ ಫಳಫಳ ಹೊಳೆಯುತ್ತಿದೆ. ಹೊಸದು ಹಾಕಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಕಂಪ್ರೆಸರ್ ಎದ್ದಿತು. ಅದು ಎದ್ದದ್ದೂ ಅವಳಿಗೆ ತಿಳಿದದ್ದು ಪೈಪಿಗೆ ಕೈಯಿಟ್ಟು ತಣ್ಣಗಾದಾಗಲೇ.

"ನಾನು ಹೇಳಲಿಲ್ವಾ!" ಎಂದ ತಾತ. "ನನ್ನನ್ನ ಕೆಲಸಕ್ಕೆ ಇಟ್ಕೋ."

ಅವಳು ನಕ್ಕಳು. ಮೇಡಂಗೆ "ಆಯ್ತು" ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ಮೂರು ಗಂಟೆ ಹೊತ್ತು ಒಂದು ಮೋಟರು ತನ್ನ ಮೊಣಕೈಯ ಪಕ್ಕದಲ್ಲೇ ಬೇಯುತ್ತಿತ್ತು, ತಾನು ಅದರ ಎದುರು ಕೂತು 'ಉಸಿರಿಲ್ಲ' ಎಂದಿದ್ದಳು. ಇನ್ನೊಂದು ಗಂಟೆ ಹೋಗಿದ್ದರೆ ಅದು ಸುಟ್ಟೇ ಹೋಗುತ್ತಿತ್ತು. ಸ್ಕೂಟರಿನ ಮೇಲೆ ಕೂತವಳು ಕೀಲಿ ತಿರುಗಿಸದೆ ಒಂದು ಮಾತು ತನಗೆ ತಾನೇ ಹೇಳಿಕೊಂಡಳು: ಸುಳ್ಳು ಹೇಳುವ ಕಿವಿಯನ್ನು ನಂಬಿ ಯಾರ ಯಂತ್ರವನ್ನೂ ಮುಟ್ಟಬಾರದು. ಇದು ಏನೆಂದು ತಿಳಿಯಬೇಕು. ತಿಳಿಯದಿದ್ದರೆ ಈ ತಿಂಗಳಿಗೇ ಕೆಲಸ ಬಿಟ್ಟು ಚೀಲ ಗೂಟಕ್ಕೆ.

ಎಲ್ಲ ಡಬ್ಬಿಗಳನ್ನೂ ಬಿಚ್ಚಿ ಬಿಚ್ಚಿ ಅಳೆದರಾಯಿತಲ್ಲ ಎನ್ನಬಹುದು. ಡಬ್ಬಿಗೆ ಅದು ಸರಿ. ಆದರೆ ಎಣ್ಣೆ ಒಣಗುತ್ತಿರುವ ಬೇರಿಂಗು, ಸಡಿಲವಾದ ಬೋಲ್ಟು, ಇನ್ನೊಂದು ವರ್ಷ ಮಾತ್ರ ತಡೆಯುವ ಮೋಟರು, ಇವನ್ನೆಲ್ಲ ಅಳೆಯುವ ಮೀಟರು ಅವಳ ಚೀಲದಲ್ಲಿರಲಿಲ್ಲ. ಅವಳಿಗೆ ಬರುತ್ತಿದ್ದ ವಿದ್ಯೆಯ ಮುಕ್ಕಾಲು ಪಾಲು ಕಿವಿಯಲ್ಲೇ ಇತ್ತು.

ಬೇರೆಯವರಾದರೆ ಅಳುತ್ತಿದ್ದರೇನೋ. ಅವಳು ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ನಡುವೆ ಗೆರೆ ಎಳೆದಳು. ಕೆಟ್ಟ ಯಂತ್ರ ಸಿಕ್ಕಿದರೆ ಸುಮ್ಮನಿರಲಾಗದ ಜೀವ ಅದು. ಈ ಸಲ ಸಿಕ್ಕಿದ್ದು ತನ್ನದೇ ತಲೆ. ಒಂದು ವಾರದಲ್ಲಿ ಗೆರೆಯ ಬಲಗಡೆ ಕೇಳಿಸುವುದೆಲ್ಲ ಸೇರಿತು: ಕುಕ್ಕರಿನ ಸೀಟಿ, ಚಮಚ ಬಿದ್ದ ಸದ್ದು, ಪಕ್ಕದ ಮನೆಯ ಮಕ್ಕಳ ಕಿರುಚಾಟ. ಎಡಗಡೆ ಕೇಳಿಸದ್ದು: ಫ್ರಿಜ್ಜು, ದೂರದ ಲಾರಿ, ನೀರಿನ ಪಂಪು, ಗಂಡ.

ಗಂಡನಿಗೆ ದಪ್ಪ ದನಿ. ಕ್ಷೌರದಂಗಡಿ ಅವನದು, ಬೆಳಗಿನಿಂದ ಸಂಜೆವರೆಗೆ ಕತ್ತರಿ ಹಾಗೂ ಬಾಯಿ ಎರಡೂ ಆಡುತ್ತಲೇ ಇರುತ್ತವೆ. ಮನೆಗೆ ಬಂದರೂ ಬಾಯಿಗೆ ರಜೆಯಿಲ್ಲ. ಅವನ ಮಾತಿಗೆ ಅವಳು ಹೂಂಗುಟ್ಟುವುದು ನಿಂತು ವರ್ಷವೇ ಆಗಿತ್ತು. ಇಬ್ಬರೂ ಅದನ್ನು ದಾಂಪತ್ಯದ ಲೆಕ್ಕಕ್ಕೆ ಹಾಕಿದ್ದರು.

ವಿಚಿತ್ರಗಳು ಇನ್ನೂ ಇದ್ದವು. ಸಂತೆಯಂಥ ಗಲಾಟೆಯ ಬೀದಿಯಲ್ಲಿ ನಿಂತು ಮಾತಾಡಿದರೆ ಅವಳಿಗೆ ಎಲ್ಲ ಸ್ಪಷ್ಟ. ಸದ್ದಿಲ್ಲದ ಕೋಣೆಯಲ್ಲಿ ಮಾತಾಡಿದರೆ ಅರ್ಧಕ್ಕರ್ಧ ಮಾಯ. ಕಿವುಡಿಯಾದರೆ ಗಲಾಟೆಯಲ್ಲಲ್ಲವೇ ಕೇಳಿಸಬಾರದು? ಇನ್ನು ಮಗಳು ಫೋನಿನಲ್ಲಿ, "ಅಮ್ಮಾ, ಯಾಕೆ ಪಿಸಿಪಿಸಿ ಅಂತೀಯಾ? ಜೋರಾಗಿ ಮಾತಾಡು" ಎಂದಳು. ಅಕ್ಕನಿಗೆ ಮಾತ್ರ ತನ್ನ ದನಿ ತಲೆಯ ತುಂಬ ಗುಡುಗಿದಂತೆ ಕೇಳುತ್ತಿತ್ತು. ಇದನ್ನೂ ಬರೆದುಕೊಂಡಳು, ಪಕ್ಕದಲ್ಲಿ ದೊಡ್ಡದೊಂದು ಪ್ರಶ್ನೆ ಚಿಹ್ನೆ ಹಾಕಿ.

ಗಂಟು ಬಿಚ್ಚಿದ್ದು ಒಂದು ರಜೆಯ ಬೆಳಿಗ್ಗೆ, ಅಡುಗೆಮನೆಯಲ್ಲಿ. ಫ್ರಿಜ್ಜಿನ ಹಿಂದೆ ಡಬ್ಬಿಯೊಂದರ ಮುಚ್ಚಳ ಬಿದ್ದಿತ್ತು. ಗೋಡೆ ಹಾಗೂ ಫ್ರಿಜ್ಜಿನ ಸಂದಿಗೆ ಕೈ ತೂರಿಸಿ, ಎಟುಕದೆ ಇನ್ನಷ್ಟು ಬಾಗಿದಾಗ ಅವಳ ಕಿವಿಯ ಹಿಂದಿನ ಎಲುಬು ಫ್ರಿಜ್ಜಿನ ಮೈಗೆ ತಗುಲಿತು.

ಗುಂಯ್...

ಅವಳು ಬೆಚ್ಚಿ ತಲೆ ಎತ್ತಿದಳು. ಮೌನ. ಮತ್ತೆ ತಗುಲಿಸಿದಳು. ತುಂಬಿದ, ದುಂಡಗಿನ, ಒಂದೇ ಸಮನಾದ ಗುಂಯ್. ಅಪ್ಪನ ಅಂಗಡಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೇಳಿದ ಅದೇ ಸದ್ದು, ಒಂದು ನೂಲೂ ಕಮ್ಮಿಯಿಲ್ಲ. ತಲೆ ತೆಗೆದರೆ ಇಲ್ಲ, ಇಟ್ಟರೆ ಇದೆ. ಮುಚ್ಚಳ ಮರೆತು, ಎರಡೂ ಕೈಯಲ್ಲಿ ಫ್ರಿಜ್ಜನ್ನು ಅಪ್ಪಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತುಬಿಟ್ಟಳು.

ಗಂಡ ಬಾಗಿಲಲ್ಲಿ ನಿಂತು ಎಷ್ಟು ಹೊತ್ತು ನೋಡುತ್ತಿದ್ದನೋ. ಅವಳು ತಿರುಗಿದಾಗ ಅವನ ಬಾಯಿ ಆಡುತ್ತಿತ್ತು.

"ಏನಂದ್ರಿ? ಜೋರಾಗಿ ಹೇಳಿ."

"ಇಪ್ಪತ್ತೆಂಟು ವರ್ಷದಲ್ಲಿ ನನ್ನನ್ನ ಒಂದಿನ ಹೀಗೆ ತಬ್ಬಿಕೊಂಡಿಲ್ಲ ಅಂದೆ!"

"ನೀವು ಇಷ್ಟು ತಣ್ಣಗೆ ಯಾವತ್ತು ಇದ್ರಿ?" ಎಂದವಳೇ ಅವನ ರಟ್ಟೆ ಹಿಡಿದು ಕೂರಿಸಿ, ಎಲ್ಲ ಹೇಳಿಬಿಟ್ಟಳು. ಲ್ಯಾಬು, ತಾತ, ಕ್ಯಾಲೆಂಡರು, ಎಡಗಡೆಯ ಪಟ್ಟಿಯಲ್ಲಿ ಅವನ ಹೆಸರು. ಅವನು ಬೆರಳು ಮಡಿಸಿ ತಿಂಗಳು ಎಣಿಸಿದ. ಆಮೇಲೆ, "ಅಂದ್ರೆ ಒಂದು ವರ್ಷ ನಾನು ಹೇಳಿದ್ದೆಲ್ಲ ದಂಡ" ಎಂದ.

"ಮತ್ತೆ ಹೇಳಿ. ಇಲ್ಲಿ ಹೇಳಿ" ಎಂದು ತನ್ನ ಹಣೆಯನ್ನು ಅವನ ಹಣೆಗೆ ಒತ್ತಿದಳು. ಅವನು ನಾಚಿಕೊಂಡು ಏನು ಹೇಳುವುದೆಂದು ತೋಚದೆ, "ಅಂಗಡಿ ಕನ್ನಡಿ ಒಂದು ಮೂಲೇಲಿ ಸೀಳಿದೆ" ಎಂದ. ಅವಳಿಗೆ ಪ್ರತಿ ಅಕ್ಷರ ಕೇಳಿಸಿತು.

ಆ ದಿನ ಮಧ್ಯಾಹ್ನದವರೆಗೆ ಅವರ ಮನೆ ಪ್ರಯೋಗಶಾಲೆಯಾಯಿತು. ಕಟ್ಟಿಗೆಯ ಸೌಟು ಹಲ್ಲಲ್ಲಿ ಕಚ್ಚಿ ಅದರ ತುದಿಯನ್ನು ಮಿಕ್ಸಿಗೆ ತಗುಲಿಸಿದಳು, ತಲೆಬುರುಡೆಯೇ ಮಿಕ್ಸಿಯಾಯಿತು. ನೀರಿನ ಪೈಪಿಗೆ ಕಿವಿಯ ಹಿಂದಿನ ಎಲುಬು ಒತ್ತಿ, ಕೆಳಗಿನ ಮನೆಯವರ ಪಂಪು ಕೇಳಿದಳು. ಕೊನೆಗೆ ಗಂಡ ತನ್ನ ಕೂದಲು ಕತ್ತರಿಸುವ ಮಷೀನು ತಂದ. ಅದರ ಬೆನ್ನನ್ನು ಅವಳ ಕಿವಿಯ ಹಿಂದೆ ಇಟ್ಟಾಗ ಅವಳು "ಅಯ್ಯೋ, ರೈಲು!" ಎಂದು ಚೀರಿದಳು.

"ಅಲ್ಲಾಡಬೇಡ ಕಣೇ, ಕೂದಲು ಹೋಗುತ್ತೆ. ಆಮೇಲೆ ಕ್ಷೌರಿಕನ ಹೆಂಡತಿ ಬೋಳು ಅಂತ ನನ್ನ ಅಂಗಡಿಗೆ ಒಬ್ಬನೂ ಬರಲ್ಲ."

ಉದ್ದನೆಯ, ಕಟ್ಟಿಗೆ ಹಿಡಿಯ ಸ್ಕ್ರೂಡ್ರೈವರ್ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ತುದಿ ಯಂತ್ರದ ಮೈಗೆ, ಹಿಡಿ ಕಿವಿಯ ಹಿಂದಿನ ಎಲುಬಿಗೆ. ಸದ್ದು ದಾರಿ ಬದಲಿಸಿ ಬರುತ್ತಿತ್ತು. ಮುಂಬಾಗಿಲು ಹಾಕಿದ್ದರೂ ಹಿತ್ತಲಿನಿಂದ ಬರುವ ನೆಂಟನ ಹಾಗೆ. ಆದರೆ ಮುಂಬಾಗಿಲಿಗೆ ಅಗುಳಿ ಹಾಕಿದವರು ಯಾರು? ಅದನ್ನು ತಿಳಿಯದೆ ಅವಳಿಗೆ ಊಟ ರುಚಿಸಲಿಲ್ಲ. ಹಾಗಾಗಿಯೇ ಅವಳು ಕಿವಿಯ ಡಾಕ್ಟರ ಹತ್ತಿರ ಹೋದದ್ದು. ವಾಸಿಯಾಗಲಿ ಎಂಬ ಆಸೆಗಿಂತ ಹೆಚ್ಚಾಗಿ, ಯಾಕೆ ಹೀಗೆ ಎಂಬ ತುರಿಕೆಗೆ.

ಡಾಕ್ಟರು ವಯಸ್ಸಾದವರು, ಮೆಲು ಮಾತಿನವರು. ಕೋಣೆಯ ಎಸಿ ಹಳೆಯದು, ಗಡಗಡ ಅನ್ನುತ್ತಿತ್ತು. ಅವರ ಪ್ರಶ್ನೆಗಳಿಗೆ ಅವಳು ಪಟಪಟ ಉತ್ತರ ಕೊಟ್ಟಳು. ಅವರು ಏನೋ ಹೊಳೆದವರಂತೆ ಎದ್ದು ಎಸಿ ಆರಿಸಿದರು. ಮತ್ತೆ ಮಾತಾಡಿದರು. ಅವರ ತುಟಿ ಅಲುಗಿದ್ದಷ್ಟೇ ಅವಳಿಗೆ ಕಂಡಿತು.

ಮತ್ತೆ ಎಸಿ ಹಾಕಿ, "ಗಲಾಟೆ ಇದ್ರೆ ಚೆನ್ನಾಗಿ ಕೇಳಿಸುತ್ತೆ, ಅಲ್ವಾ?" ಎಂದು ನಕ್ಕರು.

"ಅದೇ ಸರ್ ನನ್ನ ದೊಡ್ಡ ಪ್ರಶ್ನೆ! ಯಾಕೆ?"

"ಗಲಾಟೆ ಇದ್ದಾಗ ನಾವೆಲ್ಲ ಗಂಟಲು ಏರಿಸ್ತೀವಿ. ಆ ಗಲಾಟೆ ನಿಮ್ಮನ್ನ ಮುಟ್ಟಲ್ಲ, ನಮ್ಮ ಗಂಟಲು ಮುಟ್ಟುತ್ತೆ."

ಆಮೇಲೆ ಡ್ರಾಯರಿನಿಂದ ಎರಡು ಕವಲಿನ ಒಂದು ಉಕ್ಕಿನ ಕಡ್ಡಿ ತೆಗೆದು, ಮೊಣಕೈಗೆ ಬಡಿದು, ಅವಳ ಕಿವಿಯ ಮುಂದೆ ಹಿಡಿದರು. ಕೇಳಿಸಲಿಲ್ಲ. ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಅವಳಿಗೆ ನಗು ತಡೆಯಲಾಗಲಿಲ್ಲ.

"ಯಾಕಮ್ಮ?"

"ಈ ಪರೀಕ್ಷೆ ನಾನು ಮನೇಲೇ ಮಾಡ್ಕೊಂಡೆ ಸರ್. ಫ್ರಿಜ್ ಇಟ್ಕೊಂಡು."

ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದರು. ಕಿವಿಯೊಳಗೆ ಕೊಂಡಿ ಕೊಂಡಿಯಾಗಿ ಮೂರು ಪುಟ್ಟ ಮೂಳೆಗಳು. ತಮಟೆಯಂಥ ಪೊರೆ ಅಲುಗಿದರೆ ಅವೂ ಅಲುಗಿ, ಸದ್ದನ್ನು ಒಳಕ್ಕೆ ದಾಟಿಸುತ್ತವೆ. ಕೊನೆಯ ಮೂಳೆ ಅಕ್ಕಿ ಕಾಳಿಗಿಂತ ಚಿಕ್ಕದು. ಅದರ ಬುಡದಲ್ಲಿ ಬೇಡದ ಮೂಳೆ ಬೆಳೆದು ಬಿಗಿದುಕೊಂಡಿದೆ. ಒಳಗಿನ ನರ ಗಟ್ಟಿಮುಟ್ಟಾಗಿದೆ; ಅದಕ್ಕೇ ಎಲುಬಿನ ದಾರಿಯಿಂದ ಬಂದ ಸದ್ದು ಸಲೀಸಾಗಿ ಸೇರುತ್ತದೆ.

ಅವಳು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಅಂದ್ರೆ ಮೋಟರ್ ಸರಿಯಿದೆ. ಬೇರಿಂಗ್ ಹಿಡ್ಕೊಂಡಿದೆ."

ಡಾಕ್ಟರು ಕನ್ನಡಕ ತೆಗೆದರು. "ಮೂವತ್ತು ವರ್ಷದಿಂದ ಎಲ್ಲರಿಗೂ ಇದನ್ನ ಹೇಳ್ತಿದೀನಿ. ಇಷ್ಟು ಚಿಕ್ಕದಾಗಿ ಹೇಳೋಕೆ ನನಗೆ ಬಂದಿರಲಿಲ್ಲ."

"ಬದಲಾಯಿಸಬಹುದಾ ಸರ್?"

"ಬಹುದು. ಅದನ್ನ ತೆಗೆದು ಅಲ್ಲಿ ಒಂದು ಪಿಸ್ಟನ್ ಕೂರಿಸ್ತೀವಿ."

"ಪಿಸ್ಟನ್ನಾ?"

"ಹೆಸರೇ ಪಿಸ್ಟನ್ ಅಂತ. ಆದರೆ ಕೇಳಿ, ನೂರರಲ್ಲಿ ಒಬ್ಬರಿಗೆ ಇರೋದೂ ಹೋಗಬಹುದು. ಅದಕ್ಕೇ ಮೊದಲು ಒಂದು ಕಿವಿ ಮಾತ್ರ. ಬೇಡ ಅಂದ್ರೆ ಕಿವಿಗೆ ಹಾಕ್ಕೊಳ್ಳೋ ಮಷೀನ್ ಇದೆ. ಅವಸರ ಇಲ್ಲ."

"ಬೇಸಿಗೆ ಮುಗೀಲಿ ಸರ್" ಎಂದಳು ಅಕ್ಕ. "ಸೀಸನ್ ನಡುವೆ ನಾನು ಮಲಗಿದ್ರೆ ಊರೇ ಬೆವರುತ್ತೆ." ಏಳುವಾಗ, ಎಸಿ ನಡುಗುವುದನ್ನು ನೋಡಿ, ಅವರು ವಿಚಾರಿಸದಿದ್ದರೂ, "ನಿಮ್ಮ ಎಸಿಯ ಕಾಲು ಸಡಿಲವಾಗಿದೆ, ಕೆಳಗೆ ರಬ್ಬರ್ ಹಾಕಿಸಿ. ಅಥವಾ ಬೇಡ, ನನ್ನಂಥವರು ಬಂದ್ರೆ ಬೇಕಾಗುತ್ತೆ" ಎಂದಳು.

ದಾರಿಯುದ್ದಕ್ಕೂ ಅವಳ ಮನಸ್ಸು ಹಗುರವಾಗಿತ್ತು. ಆದರೆ ಲ್ಯಾಬಿನ ಕಟ್ಟಡ ಕಂಡಾಗ ಸ್ಕೂಟರು ತಾನಾಗಿ ನಿಧಾನವಾಯಿತು. ಗಂಡ ಬೆಳಿಗ್ಗೆಯೇ ಹೇಳಿದ್ದ: "ಯಾರ ಹತ್ರನೂ ಬಾಯಿ ಬಿಡಬೇಡ. ಕಿವಿಯಿಲ್ಲದ ಮೆಕ್ಯಾನಿಕ್ಕು ಅಂತ ಒಂದು ಸಲ ಹೆಸರು ಬಿತ್ತು ಅಂದ್ರೆ ಮುಗೀತು. ನನ್ನ ಅಂಗಡೀಲಿ ಕೂತ್ಕೊಂಡು ನೋಡಿದೀನಿ, ಸುದ್ದಿ ಕೂದಲಿಗಿಂತ ಬೇಗ ಬೆಳೆಯುತ್ತೆ." ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೇಡಂ ಒಂದು ಮಾತು ಅಂದರೆ ಆ ಕಟ್ಟಡದ ಎಂಟು ಯಂತ್ರಗಳಷ್ಟೇ ಅಲ್ಲ, ಎದುರಿನ ಆಸ್ಪತ್ರೆ, ಪಕ್ಕದ ಔಷಧಿ ಅಂಗಡಿ ಎಲ್ಲವೂ ಹೋಗುತ್ತವೆ. ಆದರೆ ಅಂದು ಬೆಂದ ಕಂಪ್ರೆಸರ್ ಇನ್ನೂ ಅಲ್ಲೇ ಇದೆ. ಅದಕ್ಕೆ ಒಳಗೆಲ್ಲಾದರೂ ಪೆಟ್ಟಾಗಿದ್ದರೆ? ಹೇಳದೆ ಹೋಗಿ ನೋಡುವ ಹಾಗಿಲ್ಲ. ನೋಡದೆ ಬಿಡುವ ಹಾಗೂ ಇಲ್ಲ.

ಮೇಡಂ ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕುತ್ತಿದ್ದರು. ಅಕ್ಕ ಎದುರು ನಿಂತು ಒಂದೇ ಉಸಿರಿಗೆ ಹೇಳಿದಳು. "ಮೇಡಂ, ಅವತ್ತು ನಿಮ್ಮ ಜನ ವಾಪಸ್ ಹೋಗಿದ್ದು ಯಂತ್ರದ ತಪ್ಪಲ್ಲ, ನಂದು. ಹತ್ತು ನಿಮಿಷದ ಕೆಲಸ ಅದು. ಗುಂಯ್ ಅನ್ನೋ ಸದ್ದು ನನಗೆ ಕೇಳಿಸಲಿಲ್ಲ. ಕಿವೀಲಿ ಮೂಳೆ ಹಿಡ್ಕೊಂಡಿದೆಯಂತೆ."

ಮೇಡಂ ಎಣಿಕೆ ನಿಲ್ಲಿಸಲಿಲ್ಲ. ಡಬ್ಬಿ ಮುಚ್ಚಿ, ಕೈಗವಸು ತೆಗೆದು, ಆಮೇಲೆ ತಲೆಯೆತ್ತಿದರು.

"ನನ್ನ ರಿಪೋರ್ಟಲ್ಲಿ ಅಂಕಿ ವಿಚಿತ್ರವಾಗಿ ಬಂದ್ರೆ ನಾನು ಎರಡನೇ ಸಲ ರಕ್ತ ತೆಗೀತೀನಿ. ಬೇರೆ ಸೂಜಿ, ಬೇರೆ ಕೈ. ನೀವು ಎರಡನೇ ಸಲ ಏನು ಮಾಡ್ತೀರಿ? ಅದನ್ನ ಹೇಳಿ."

ಇಂಥ ಪ್ರಶ್ನೆಯನ್ನು ಅಕ್ಕ ನಿರೀಕ್ಷಿಸಿರಲಿಲ್ಲ. ಅವಳು ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದಳು. "ಸದ್ದಿರಲಿ, ಬಿಡಲಿ, ಮೊದಲು ಡಬ್ಬಿ ಬಿಚ್ಚಿ ಅಳೀತೀನಿ. ಆಮೇಲೆ ಎಲುಬಿಂದ ಕೇಳ್ತೀನಿ." ಅಲ್ಲಿಗೆ ನಿಂತಳು. ಮೇಡಂ ಕಾಯುತ್ತಿದ್ದರು. ಮೂರನೆಯದು ಬಾಯಿಗೆ ಬಂದಾಗ ಅವಳಿಗೇ ಆಶ್ಚರ್ಯವಾಯಿತು. "ಆಮೇಲೆ ಅಲ್ಲಿ ಯಾರಿದ್ದಾರೋ ಅವರನ್ನ ಕೇಳ್ತೀನಿ."

"ಅವರಿಗೇನು ಗೊತ್ತಾಗುತ್ತೆ?"

"ಗೊತ್ತಾಗೋದು ಬೇಡ ಮೇಡಂ. ಕೇಳಿಸಿದ್ರೆ ಸಾಕು. ಬನ್ನಿ."

ಹನ್ನೊಂದು ವರ್ಷದಲ್ಲಿ ಮೇಡಂ ಆ ಹಿಂಬಾಗಿಲು ದಾಟಿದ್ದು ಅದೇ ಮೊದಲು. ಅಕ್ಕ ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿನ ಮೈಗಿಟ್ಟು, ಹಿಡಿಯನ್ನು ಎಲುಬಿಗೆ ಒತ್ತಿದಳು. ಒಂದೇ ಎಳೆಯ, ನಿಶ್ಚಿಂತ ಸದ್ದು. ಪೆಟ್ಟಾಗಿಲ್ಲ. ಅವಳು ಉಸಿರು ಬಿಟ್ಟಳು. ಆಮೇಲೆ ಫ್ಯಾನಿನ ಮೋಟರಿಗೆ ಇಟ್ಟಳು. ಅಲ್ಲೇನೋ ತರಚುತ್ತಿತ್ತು.

"ನಿಮಗೆ ಏನು ಕೇಳಿಸ್ತಿದೆ ಮೇಡಂ?"

"ಎಸಿ ಸದ್ದು."

"ಎಸಿ ಸದ್ದು ಅಂದ್ರೆ ಹೇಗೆ?"

ಮೇಡಂ ಸಿಡುಕಿನಿಂದ ಬಾಯಿ ತೆರೆದವರು ಪೆಟ್ಟಿಗೆಯತ್ತ ಕಿವಿ ವಾಲಿಸಿದರು. ಸ್ವಲ್ಪ ಹೊತ್ತಾದ ಮೇಲೆ, "ಕೆಳಗಡೆ ಒಂದು ಉದ್ದನೆಯ ಸದ್ದು. ಅದರ ಮೇಲೆ... ಯಾರೋ ಮೊರದಲ್ಲಿ ಅಕ್ಕಿ ಕೇರ್ತಿರೋ ಹಾಗೆ" ಎಂದರು.

"ಬಿಡದೆ ಕೇರ್ತಿದಾರಾ, ನಿಂತು ನಿಂತಾ?"

"ನಿಂತು ನಿಂತು. ತಡೀರಿ, ಮಾತಾಡಬೇಡಿ... ಹೂಂ. ನಾಲ್ಕು ಸಲ, ಆಮೇಲೆ ಒಂದು ಬಿಡುವು."

ಫ್ಯಾನಿನ ಬೇರಿಂಗು ಒಣಗಿತ್ತು. ಆಗಾಗ ಫ್ಯಾನು ನಿಧಾನವಾಗಿ, ಪೆಟ್ಟಿಗೆಯೊಳಗೆ ಶಾಖ ನಿಂತು, ಎರಡೇ ವರ್ಷದ ಕೆಪಾಸಿಟರನ್ನು ಬೇಯಿಸಿಹಾಕಿತ್ತು. ಅಂದು ಯಂತ್ರ ಕೆಟ್ಟದ್ದರ ಮೂಲ ಅಲ್ಲಿತ್ತು. ಚೆನ್ನಾಗಿ ಕೇಳಿಸುತ್ತಿದ್ದ ಕಾಲದಲ್ಲೂ ಇಷ್ಟು ಹಿಂದಕ್ಕೆ ಹೋಗಿ ಅವಳು ಹುಡುಕಿರಲಿಲ್ಲ. ಅಕ್ಕ ಬೇರಿಂಗು ಬದಲಾಯಿಸಲು ಕೂತಳು. ಮೇಡಂ ಒಳಗೆ ಹೋಗುತ್ತ, "ಮಿಕ್ಕ ಏಳೂ ಇವತ್ತೇ ನೋಡಿಬಿಡಿ. ಯಾರು ಬೇಕೋ ಕರೀರಿ, ಬಂದು ಕೇಳ್ತಾರೆ" ಎಂದರು.

ಆ ಬೇಸಿಗೆಯಲ್ಲಿ ಅವಳು ಹೋದಲ್ಲೆಲ್ಲ, ಮೀಟರು ಮುಗಿಸಿ, ಎಲುಬು ಮುಗಿಸಿ, ಮನೆಯವರನ್ನು ಕರೆದು ನಿಲ್ಲಿಸಿಕೊಂಡಳು. ತನ್ನ ಕಿವಿಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತಿದ್ದಳು. ಇಬ್ಬರು ಬೇರೆ ಮೆಕ್ಯಾನಿಕ್ ಹುಡುಕಿಕೊಂಡರು. ಉಳಿದವರಿಗೆ ಅದೊಂದು ಆಟವೇ ಆಯಿತು. ಒಂದೇ ಗುಂಯ್ ಸದ್ದು ಒಬ್ಬರಿಗೆ ತುಂಬಿದ ಬಸ್ಸು ಏರು ಹತ್ತುವಂತೆ ಕೇಳಿದರೆ, ಒಬ್ಬ ಸೊಸೆಗೆ ಮಾವ ಸೀನುವ ಮೊದಲು ಮೂಗು ಎಳೆದುಕೊಂಡು ಸೀನು ಬಾರದೆ ನಿಂತಂತೆ ಕೇಳಿತು. ಮಾವ ಪಕ್ಕದಲ್ಲೇ ಇದ್ದರು. ಮೂವತ್ತೈದು ವರ್ಷ ಅವಳು ತನ್ನೊಬ್ಬಳ ಕಿವಿಯಿಂದ ಕೇಳಿದ್ದ ಸದ್ದಿಗೆ ಇಷ್ಟು ಮೈಗಳಿರುವುದು ಅವಳಿಗೆ ಗೊತ್ತೇ ಇರಲಿಲ್ಲ. ಒಂದೊಂದನ್ನೂ ಕ್ಯಾಲೆಂಡರಿನ ಹಿಂಬದಿಗೆ ಬರೆದಳು, ಪಕ್ಕದಲ್ಲಿ ರೋಗದ ಹೆಸರು ಸೇರಿಸಿ.

ಮಳೆಗಾಲ ಶುರುವಾಗುವ ಹೊತ್ತಿಗೆ ಮಾಡಿಸಲು ಒಪ್ಪಿದ್ದ ಒಂದು ಕಿವಿಯ ಆಪರೇಷನ್ನಿಗೆ ಹದಿನಾರು ದಿನ ಉಳಿದಿದ್ದಾಗ ಒಂದು ಫೋನು ಬಂತು. ಗೊತ್ತಿಲ್ಲದ ಹೆಂಗಸು, ಯಾರೋ ನಂಬರು ಕೊಟ್ಟಿದ್ದರು, ನಿಯಮವನ್ನೂ ಹೇಳಿಕೊಟ್ಟಿದ್ದರು.

"ಅಕ್ಕಾ, ಏನು ಕೇಳಿಸುತ್ತೆ ಅಂತ ನೀವು ಕೇಳ್ತೀರಂತಲ್ಲ, ಅದಕ್ಕೆ ಮೊದಲೇ ಕೇಳಿಸ್ಕೊಂಡೆ. ಯಾರೋ ಸ್ಲೇಟಿನ ಮೇಲೆ ಬರೆದು, ಎಂಜಲು ಹಚ್ಚಿ ಅಳಿಸಿ, ಮತ್ತೆ ಬರೀತಿರೋ ಹಾಗಿದೆ. ಬರೆಯೋದು ಒಂದು ಸದ್ದು, ಅಳಿಸೋದು ಒಂದು ಸದ್ದು."

ಅಕ್ಕ ಮನಸ್ಸಿನಲ್ಲೇ ಪಟ್ಟಿಯನ್ನೆಲ್ಲ ಓಡಿಸಿದಳು. ಕೆಪಾಸಿಟರ್ ಅಲ್ಲ. ಬೇರಿಂಗಲ್ಲ. ತಾನು ಕಂಡ ಯಾವುದೂ ಅಲ್ಲ. ಚೀಲ ಆಗಲೇ ಹೆಗಲೇರಿತ್ತು, ಒಂದು ಕಾಲು ಚಪ್ಪಲಿಯಲ್ಲಿತ್ತು.

"ಆಫ್ ಮಾಡಿಬಿಡಿ. ನಾನು ಬರೋವರೆಗೆ ಹಾಕಲೇಬೇಡಿ" ಎಂದಳು. "ಅದನ್ನ ನಾನೂ ಕೇಳಬೇಕು."